ಹದಿನಾಲ್ಕನೆಯ ನಿರ್ಣಯಕ್ಕೆ ಅನುಮೋದಕರು

ಪಕ್ಷದ ರಾಜ್ಯ ಸಮಾವೇಶ ಯಾದಗಿರಿಯಲ್ಲಿ ಸೇರಿದ ದಿನ, ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ ಮುಖಂಡರೆಲ್ಲರ ಬೆವರಿಳಿಸಿದ, ರಾಜ್ಯದ ಭವಿಷ್ಯದ ಮೇಲೆ ದೂರಗಾಮಿ ಪರಿಣಾಮ ಬೀರಬಹುದಾಗಿದ್ದ ಪ್ರಶ್ನೆ ಇದು: ವೇದಿಕೆಯ ಮೇಲಿನ ಎಂಟು ಕುರ್ಚಿಗಳಲ್ಲಿ ಯಾವುದಕ್ಕೆ ಬಿಳಿ ಟವೆಲ್ ಹೊದಿಸಬೇಕು, ಯಾವುದಕ್ಕೆ ಬೇಡ. ಕಲ್ಯಾಣ ಮಂಟಪದವರು ಕೊಟ್ಟಿದ್ದು ಆರೇ ಟವೆಲ್. ಟವೆಲ್ ಇಲ್ಲದ ಕುರ್ಚಿಯಲ್ಲಿ ಕೂತವನಿಗೆ ಮುಂದಿನ ಸಲ ಟಿಕೆಟ್ ಇಲ್ಲವೆಂದು ಕಟ್ಟಕಡೆಯ ಸಾಲಿನವರೂ ಓದಿಕೊಳ್ಳುತ್ತಾರೆ. ಇಬ್ಬರು ಜಿಲ್ಲಾಧ್ಯಕ್ಷರು ಹೊರಗೆ ಬೇವಿನ ಮರದ ಕೆಳಗೆ ನಿಂತು, ತಾವು ವೇದಿಕೆ ಹತ್ತುವುದಿಲ್ಲ ಎಂದರು. ಒಬ್ಬರು ಮೊಣಕಾಲು ನೋವಿನ ಕಾರಣ ಕೊಟ್ಟರು, ಇನ್ನೊಬ್ಬರು ತತ್ವದ ಕಾರಣ ಕೊಟ್ಟರು. ಕೊನೆಗೆ ಸ್ಟೇಶನ್ ರೋಡಿನ ಬಟ್ಟೆ ಅಂಗಡಿಯಿಂದ ಎರಡು ಟವೆಲ್ ಬಂದವು. ಅವುಗಳ ಅಂಚಿಗೆ ಕೆಂಪು ಗೆರೆಯಿತ್ತು. ಗೆರೆ ಕಾಣದ ಹಾಗೆ ಹಿಂದಕ್ಕೆ ಮಡಚಿ ಹೊದಿಸಿದ ಮೇಲೆ ಪ್ರಜಾಪ್ರಭುತ್ವ ಮುಂದೆ ಸಾಗಿತು.

ಈ ಎರಡೂವರೆ ತಾಸೂ ಗೋಗಿಯ ಲಾಲಮ್ಮ ಮೊದಲ ಸಾಲಿನ ಎಡಭಾಗದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ನಸುಕಿನಲ್ಲಿ ಟಂಟಂ ಆಟೋ ಹತ್ತಿ ಶಹಾಪುರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಮಂಟಪದ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. ಅವಳ ಪಕ್ಕದಲ್ಲಿ ರಂಗಂಪೇಟೆಯ ಭೀಮವ್ವ. ಕುರಿ ಕಾಯುವ ಮನೆಯವಳು. ಇಬ್ಬರೂ ಹಿಂದೊಮ್ಮೆ ಹತ್ತಿ ಬಿಡಿಸುವ ಕೆಲಸದಲ್ಲಿ ಒಂದೇ ಗುಂಪಿನಲ್ಲಿದ್ದವರು. ಲಾಲಮ್ಮನ ಎದೆಯ ಮೇಲೆ ಕೆಂಪು ಬ್ಯಾಡ್ಜ್ ಇತ್ತು, ಅಂದರೆ ಪ್ರತಿನಿಧಿ. ಭೀಮವ್ವನದು ಹಳದಿ, ಅಂದರೆ ನೋಡಲು ಬಂದವಳು. ಹಳದಿಯವರಿಗೆ ಊಟ ಉಂಟು, ಮಾತಿಲ್ಲ.

"ಏಸ್ ಹೊತ್ತು ಕುರ್ಚಿ ಮುಚ್ಚತಾರ ಯಕ್ಕಾ?" ಎಂದಳು ಭೀಮವ್ವ. "ನಮ್ಮ ಕುರಿದೊಡ್ಡಿ ಇಷ್ಟೊತ್ತಿಗೆ ಮುಚ್ಚಿ ತೆಗದು ಎರಡು ಸಲ ಆಗತಿತ್ತು."

"ಸುಮ್ನ ಕೂಡು. ದೊಡ್ಡವರಿಗಿ ಬೆನ್ನು ಸುಡತದ."

ಲಾಲಮ್ಮ ಪಕ್ಷದಲ್ಲಿ ಏನಾಗಿದ್ದಳು ಎಂದು ಹೇಳಬೇಕು. ಸಮಾವೇಶದಲ್ಲಿ ಯಾವ ನಿರ್ಣಯ ಬಂದರೂ ಅದಕ್ಕೊಬ್ಬ ಸೂಚಕ ಬೇಕು, ಒಬ್ಬ ಅನುಮೋದಕ ಬೇಕು. ಸೂಚಕ ಎದ್ದು ಓದುತ್ತಾನೆ, ಅನುಮೋದಕ ಎದ್ದು ಅನುಮೋದಿಸುತ್ತೇನೆ ಅನ್ನುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಓದುವುದಕ್ಕೆ ಎಲ್ಲರಿಗೂ ಹುಮ್ಮಸ್ಸು, ಫೋಟೋ ಬರುತ್ತದೆ. ಅನುಮೋದಿಸುವವರ ಫೋಟೋ ಯಾರೂ ತೆಗೆಯುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಕಲಬುರಗಿಯ ಸಮಾವೇಶದಲ್ಲಿ ಅನುಮೋದಿಸಬೇಕಿದ್ದ ಮಹಾಶಯರು ಚಹಾಕ್ಕೆ ಹೋಗಿಬಿಟ್ಟಿದ್ದರು. ಅಧ್ಯಕ್ಷರು ಎರಡು ಸಲ ಕರೆದರು. ಮೊದಲ ಸಾಲಿನಲ್ಲಿ ಕೂತಿದ್ದ ಲಾಲಮ್ಮನಿಗೆ ಕರೆದವರನ್ನು ನೋಡಿ ಅಯ್ಯೋ ಅನ್ನಿಸಿ, ಎದ್ದು ನಿಂತು, "ಅನುಮೋದನಿ ಮಾಡ್ತೀನ್ರಿ" ಅಂದಳು. ಮೈಕು ಬೇಕಾಗಲಿಲ್ಲ. ಚಹಾ ಕುಡಿಯುತ್ತಿದ್ದ ಮಹಾಶಯರಿಗೂ ಕೇಳಿಸಿತು.

ಅಂದಿನಿಂದ ಅದು ಅವಳ ಕೆಲಸವಾಯಿತು. ಪತ್ರಿಕಾ ಪ್ರಕಟಣೆಯಲ್ಲಿ ಹೆಣ್ಣಿನ ಹೆಸರೊಂದು, ದಲಿತರ ಹೆಸರೊಂದು, ಕೂಲಿಯವರ ಹೆಸರೊಂದು ಬೇಕಾಗುತ್ತಿತ್ತು. ಲಾಲಮ್ಮನ ಒಂದೇ ಹೆಸರಲ್ಲಿ ಮೂರೂ ಮುಗಿಯುತ್ತಿತ್ತು. ಕೃಷ್ಣೆಯ ನೀರಿನ ಹಂಚಿಕೆಯನ್ನು ಅವಳು ಅನುಮೋದಿಸಿದ್ದಳು. ಕರಾವಳಿಯ ಮೀನುಗಾರರ ಡೀಸೆಲನ್ನು ಕಡಲು ನೋಡದೆಯೇ ಅನುಮೋದಿಸಿದ್ದಳು. ಬೆಂಗಳೂರಿನ ಮೆಟ್ರೊ ಇನ್ನೂ ಹನ್ನೆರಡು ಕಿಲೋಮೀಟರ್ ಉದ್ದವಾಗಬೇಕೆಂಬುದಕ್ಕೂ ಅವಳ ಒಪ್ಪಿಗೆಯಿತ್ತು. ಸಮಾವೇಶ ಮುಗಿದ ಮೇಲೆ ನಿರ್ಣಯಗಳ ಪುಸ್ತಕ ಅಚ್ಚಾಗಿ ಬರುತ್ತಿತ್ತು. ಮಗಳು ಸಂಘಮಿತ್ರಾ ಅದನ್ನು ಮುಂದಿಟ್ಟುಕೊಂಡು, ಅವ್ವನ ಹೆಸರು ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದಳು. ಅಕ್ಷರ ಕಲಿಸಿದ್ದೂ ಅವಳೇ, ಆ ಪುಸ್ತಕಗಳಿಂದಲೇ. ಹಾಗಾಗಿ ಲಾಲಮ್ಮನಿಗೆ 'ಅ' ಅಂದರೆ ಅರಸ ಅಲ್ಲ, ಅನುಮೋದಕರು.

"ಯವ್ವಾ, ಎಲ್ಲಾರದೂ ಹೌದೌದು ಅಂತೀ," ಎಂದು ಸಂಘಮಿತ್ರಾ ನಗುತ್ತಿದ್ದಳು. "ನಿಂದೊಂದು ಯಾವಾಗ?"

"ನನಗೇನು ಬೇಕಾಗ್ಯದ?"

ಕಳೆದ ವರ್ಷ ಬೇಕಾಯಿತು. ಸಂಘಮಿತ್ರಾ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ, ಮದುವೆಯಾಗಿ ಎರಡು ವರ್ಷ, ಮೊದಲ ಬಸುರಿ. ನೋವು ಬಂದಾಗ ಗಂಡನ ಊರಿನ ಸಮೀಪದ ಸರಕಾರಿ ದವಾಖಾನೆಗೆ ಒಯ್ದರು. ಮಧ್ಯಾಹ್ನ ಎರಡರ ಹೊತ್ತು. ಲೇಡಿ ಡಾಕ್ಟರ್ ಇದ್ದರು. ಆಪರೇಷನ್ ಕೋಣೆ ಇತ್ತು, ಅದನ್ನು ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿತ್ತು. ಕೂಸು ಅಡ್ಡ ತಿರುಗಿದೆ, ಕೊಯ್ದೇ ತೆಗೆಯಬೇಕು ಎಂದರು ಡಾಕ್ಟರ್. ಆದರೆ ಕೊಯ್ಯುವ ಮೊದಲು ಅರಿವಳಿಕೆ ಕೊಡಬೇಕಾದ ಡಾಕ್ಟರು ಬರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ. ಅಂದು ಬುಧವಾರ. ಐವತ್ತೆರಡು ಕಿಲೋಮೀಟರ್ ದೂರದ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಂಬುಲೆನ್ಸಿನಲ್ಲಿ ಲಾಲಮ್ಮ ಮಗಳ ಕಾಲ ಹತ್ತಿರ ಕೂತಿದ್ದಳು. ಮೂವತ್ತೆಂಟನೆಯ ಕಿಲೋಮೀಟರಿನ ಹೊತ್ತಿಗೆ ಆ ಪಾದಗಳು ತಣ್ಣಗಾದವು. ಕೂಸೂ ಉಳಿಯಲಿಲ್ಲ. ಚಾಲಕ ಗಾಡಿಯನ್ನು ಬದಿಗೆ ನಿಲ್ಲಿಸಿ, ಮುಂದೆ ಹೋಗಬೇಕೋ ತಿರುಗಿಸಬೇಕೋ ಎಂದು ಕೇಳಿದ.

ನಿರ್ಣಯಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಆ ಪಕ್ಷದಲ್ಲಿ ಲಾಲಮ್ಮನಷ್ಟು ಯಾರಿಗೂ ಗೊತ್ತಿರಲಿಲ್ಲ. ಆದರೂ ಅವಳಿಗೆ ಒಂದು ನಿರ್ಣಯ ಬೇಕಿತ್ತು. ಆ ಮಂಟಪದಲ್ಲಿ, ಅಷ್ಟು ಜನರ ಎದುರಿಗೆ, ಆ ಮಾತನ್ನು ಓದಬೇಕು, ಅಷ್ಟು ಜನ ಹೌದು ಅನ್ನಬೇಕು, ಅದು ಅಚ್ಚಾಗಬೇಕು.

ನಿರ್ಣಯ ಬರೆಯುವವನು ಈಶಪ್ಪ. ಹೈಸ್ಕೂಲಿನ ಗುಮಾಸ್ತ. ಸರಕಾರಿ ನೌಕರನಾದ್ದರಿಂದ ಪಕ್ಷದ ಸದಸ್ಯನಾಗುವಂತಿಲ್ಲ, ಆಗಿರಲಿಲ್ಲ. ರಜೆ ಹಾಕಿ ಬಂದು ವೇದಿಕೆಯ ಮೂಲೆಯಲ್ಲಿ ಸಣ್ಣ ಮೇಜು ಹಾಕಿಕೊಂಡು ಪಕ್ಷದ ಕಾಗದವನ್ನೆಲ್ಲ ಬರೆಯುತ್ತಿದ್ದ. ಲಾಲಮ್ಮ ಹೇಳಿದ್ದನ್ನು ಹದಿನೈದು ದಿನದ ಹಿಂದೆಯೇ ಬರೆದುಕೊಂಡಿದ್ದ.

"ಹೆರಗಿ ದವಾಖಾನಿ ಅಂತ ಎಲ್ಲೆಲ್ಲಿ ಬೋರ್ಡ್ ಹಾಕ್ಯಾರೋ ಅಲ್ಲೆಲ್ಲ ಮೈಮರೆಸೋ ಸೂಜಿ ಕೊಡೋ ಡಾಕ್ಟರ್ ಇರಬೇಕು. ದಿನಾ ಇರಬೇಕು. ಬುಧವಾರನೂ ಇರಬೇಕು."

"ವಾರದ ಏಳೂ ದಿನ ಅಂತ ಬರೀತೀನಕ್ಕ."

"ಬುಧವಾರ ಅಂತ ಬರಿ."

ಈಶಪ್ಪ ಬರೆದ. ಮಗಳ ಹೆಸರೂ ಹಾಕು ಅಂದಾಗ ಮಾತ್ರ ಪೆನ್ನು ನಿಲ್ಲಿಸಿದ. "ನಿರ್ಣಯದಾಗ ಸತ್ತವರ ಹೆಸರು ಬರಂಗಿಲ್ಲಕ್ಕ. ಬೇಡಿಕಿ ಅಷ್ಟ ಬರತದ." ಅವಳು ಒಪ್ಪಿಕೊಂಡಳು.

ಹನ್ನೊಂದಕ್ಕೆ ಫೈಲುಗಳನ್ನು ಹಂಚಿದರು. ಇಪ್ಪತ್ತೊಂದು ನಿರ್ಣಯಗಳಲ್ಲಿ ಅವಳದು ಹದಿನಾಲ್ಕನೆಯದು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿಕೊಂಡು ಕೆಳಗೆ ಬಂದಳು. ತನ್ನ ಹೆಸರು ಕಂಡಿತು. ಹಾಳೆಯನ್ನು ಭೀಮವ್ವನ ಮುಂದೆ ಹಿಡಿದಳು. ಭೀಮವ್ವನಿಗೆ ಓದಲು ಬಾರದು. ಆದರೆ ಇನ್ನೂರು ಕುರಿಗಳಲ್ಲಿ ತನ್ನವನ್ನು ಕಿವಿಯ ಗುರುತಿನಿಂದ ಬೇರೆ ಮಾಡುವವಳು.

"ಯಕ್ಕಾ, ಮ್ಯಾಲಿಂದೂ ಕೆಳಗಿಂದೂ ಒಂದೇ ನಮೂನಿ ಕಾಣತಾವಲ್ಲ."

ಲಾಲಮ್ಮ ಮತ್ತೆ ಓದಿದಳು. ಸೂಚಕರು: ಲಾಲಮ್ಮ, ಗೋಗಿ. ಅನುಮೋದಕರು: ಲಾಲಮ್ಮ, ಗೋಗಿ.

ಊಟದ ಬಿಡುವಿನಲ್ಲಿ ಈಶಪ್ಪನ ಮೇಜಿಗೆ ಹೋಗಿ ಹಾಳೆ ಇಟ್ಟಳು. ಅವನು ನೋಡಿ ಕನ್ನಡಕ ತೆಗೆದ.

"ಕೈ ತಾನ ಬರದದ ಅಕ್ಕಾ. ಅನುಮೋದಕರು ಅಂತ ಬರೀತಿದ್ದಂಗ ಮುಂದ ನಿನ್ನ ಹೆಸರೇ ಬಿತ್ತು. ಇಪ್ಪತ್ತೊಂದಕ್ಕೂ ಹಂಗ ಬರದೀನಿ. ಇಪ್ಪತ್ತೆರಡು ವರ್ಷದ ರೂಢಿ ನೋಡು."

"ಹೋಗಲಿ ಬಿಡು. ನಂದು ನಾನ ಹೇಳಿ ನಾನ ಹೌದಂತೀನಿ. ಯಾರದೇನು ತಕರಾರು?"

"ನಡಿಯಂಗಿಲ್ಲ. ಹೇಳಿದವರೇ ಹೌದನ್ನಂಗಿಲ್ಲ, ಪಕ್ಷದ ಕಾಯ್ದಾ ಅದ. ಬ್ಯಾರೆ ಯಾರರೆ ಏಳಬೇಕು, ಕೆಂಪು ಬ್ಯಾಡ್ಜಿನವರು."

"ನೀ ಏಳು."

"ನಾ ಎಲ್ಲಿದ್ದೀನಕ್ಕ ಇಲ್ಲಿ? ನಾ ಇವತ್ತು ಜ್ವರ ಬಂದು ಮನ್ಯಾಗ ಮಲಗೀನಿ." ಬೆಳಗಿನಿಂದ ನಾನೂರು ಜನ ನೋಡಿದ್ದ ಮುಖವನ್ನು ಅವನು ಪಕ್ಕಕ್ಕೆ ತಿರುಗಿಸಿದ. "ರೇಣುಕಾದೇವಿ ಮೇಡಂಗ ಕೇಳು. ಇಲ್ಲ ಅನ್ನಂಗಿಲ್ಲ ಅವರು."

ರೇಣುಕಾದೇವಿ ಜಿಲ್ಲಾ ಮಹಿಳಾ ಘಟಕದ ಅಧ್ಯಕ್ಷೆ, ಸುರಪುರದವಳು. ಅವಳು ತಂದ ಪ್ರತಿಯೊಂದು ನಿರ್ಣಯಕ್ಕೂ ಎದ್ದವಳು ಲಾಲಮ್ಮ. ಕೈ ತೊಳೆಯುವ ನಲ್ಲಿಯ ಹತ್ತಿರ ಸಿಕ್ಕಳು. ವಿಷಯ ಕೇಳಿ ಲಾಲಮ್ಮನ ಎರಡೂ ಕೈ ಹಿಡಿದುಕೊಂಡಳು.

"ಇದಕ್ಕ ಕೇಳಬೇಕೇನಕ್ಕ? ಸಂಘಮಿತ್ರಾ ನನ್ನ ತೊಡಿ ಮ್ಯಾಲ ಆಡಿದ ಹುಡುಗಿ. ನಾ ನಿಲ್ತೀನಿ." ಆಮೇಲೆ ಸುತ್ತ ನೋಡಿ ದನಿ ಇಳಿಸಿದಳು. "ಖರೇ, ಹದಿಮೂರಕ್ಕ ನಿನ್ನ ಹೆಸರದ. ಗೊತ್ತದಿಲ್ಲ?"

ಗೊತ್ತಿತ್ತು. ಸರಕಾರದಲ್ಲಿ ಆರೋಗ್ಯ ಖಾತೆ ಪಕ್ಷದ ಪಾಲಿಗೇ ಬಂದಿತ್ತು. ತಾಯಿ ಮತ್ತು ಶಿಶುವಿನ ಆರೈಕೆಯಲ್ಲಿ ಸಾಧಿಸಿದ ಅಭೂತಪೂರ್ವ ಪ್ರಗತಿಗಾಗಿ ಆ ಖಾತೆಯನ್ನು ಅಭಿನಂದಿಸುವುದು ಹದಿಮೂರನೆಯ ನಿರ್ಣಯ. ಅದು ಬಂದಾಗ ಕೂತೇ ಇರಬೇಕು, ಬೇರೆ ಯಾರಾದರೂ ಎದ್ದು ಹೌದನ್ನಲಿ ಎಂದು ಲಾಲಮ್ಮ ಓದಿದ ಕೂಡಲೇ ನಿಶ್ಚಯ ಮಾಡಿದ್ದಳು.

"ಅದಕ್ಕ ನಾ ಏಳಂಗಿಲ್ಲ ಮೇಡಂ."

"ನೀ ಹದಿಮೂರಕ್ಕ ಏಳಲಿಲ್ಲಂದ್ರ ಹದಿನಾಲ್ಕಕ್ಕ ನಾ ಹ್ಯಾಂಗ ಏಳ್ಲಿ? ಜಗಳಕ್ಕ ನಿಂತಾರ ಅಂತಾರ. ಮೊದಲ ಶಭಾಶ್ ಅನ್ನು, ಆಮ್ಯಾಲ ಕೇಳು. ಕೊಡೋರಿಗೂ ಮನಸ್ಸು ಬರತದ."

"ಯಾತಕ್ಕ ಶಭಾಶ್ ಅನ್ಲಿ? ನನ್ನ ಮಗಳಿಗಿ ಮಾಡಿದ್ದಕ್ಕ?"

"ಒಂದು ಶಬ್ದ ಅಕ್ಕ. ಮುನ್ನೂರು ಸಲ ಅಂದೀ. ಇದೊಂದು ಸಲ ಸಂಘಮಿತ್ರಾನ ಸಲುವಾಗಿ ಅನ್ನು. ನೀ ಅಂದ ಕೂಡಲೇ ನಂದು ಪಾಳಿ. ಆಣಿ ಮಾಡ್ಲೇನು?"

"ಆಣಿ ಬ್ಯಾಡ," ಎಂದಳು ಲಾಲಮ್ಮ. ಅವಳಿಗೆ ಆಣೆಯಲ್ಲಿ ನಂಬಿಕೆ ಇರಲಿಲ್ಲ; ರೇಣುಕಾದೇವಿಯಲ್ಲಿತ್ತು.

ಊಟಕ್ಕೆ ಕೂತಾಗ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಎಲ್ಲ ಲಾಲಮ್ಮನ ಎಲೆಯ ಮೇಲೆ ಹಾಗೇ ಇತ್ತು. ಭೀಮವ್ವ ತನ್ನ ಎಲೆ ಮುಗಿಸಿ ಅವಳದಕ್ಕೂ ಕೈ ಹಾಕಿದಳು. "ತಿನ್ನಲಿಲ್ಲಂದ್ರ ದನಿ ಹೆಂಗ ಬಂದೀತು?"

ಆ ಹೊತ್ತಿಗೆ ಪಕ್ಷದ ರಾಜ್ಯ ಪ್ರಧಾನ ಕಾರ್ಯದರ್ಶಿ ಅಂಬರೀಶ, ಬೆಂಗಳೂರಿನವರು, ತಾವೇ ಮಜ್ಜಿಗೆಯ ಜಗ್ಗು ಹಿಡಿದು ಪಂಕ್ತಿಯ ಮೇಲೆ ಬಂದರು. ಮಧ್ಯಾಹ್ನದ ಕಲಾಪ ನಡೆಸುವವರು ಅವರೇ. ಕೆಂಪು ಬ್ಯಾಡ್ಜಿನವರ ಹತ್ತಿರ ಬಗ್ಗಿ, ಕಿವಿಯಲ್ಲಿ ಒಂದು ಮಾತಾಡಿ, ಲೋಟ ತುಂಬಿಸಿ ಮುಂದೆ ಹೋಗುತ್ತಿದ್ದರು. ಎಷ್ಟು ದೊಡ್ಡ ಮನುಷ್ಯ, ಉಪ್ಪು ಸರಿ ಇದೆಯೇ ಎಂದು ಕೇಳುತ್ತಿದ್ದಾನೆ ಅಂದುಕೊಂಡಳು ಲಾಲಮ್ಮ. ಅವಳ ಹತ್ತಿರ ಬಂದಾಗ ಅವರು ಬಗ್ಗಲಿಲ್ಲ.

"ಚೆನ್ನಾಗಿದೀರಾ ಅಮ್ಮ? ನಿಮ್ಮ ವಿಷಯ ಕೇಳಿ ತುಂಬಾ ಬೇಜಾರಾಯ್ತು," ಎಂದು ಮಜ್ಜಿಗೆ ಹಾಕಿದರು.

"ಹೌದ್ರಿ," ಅಂದಳು.

ಮೂರು ಗಂಟೆಗೆ ನಿರ್ಣಯಗಳು ಶುರುವಾದವು. ಒಂದರಿಂದ ಹನ್ನೆರಡರವರೆಗೆ ಸಲೀಸಾಗಿ ಹೋದವು. ಲಾಲಮ್ಮ ಎದ್ದಳು, ಅಂದಳು, ಕೂತಳು. ಒಂಬತ್ತನೆಯದು ಶಹಾಪುರದ ಆಟೋ ಸಂಘದ ಮನ್ಸೂರಅಲಿಯದು, ಟಂಟಂ ನಿಲ್ಲಲು ಜಾಗ ಬೇಕೆಂಬುದು. ಅದಕ್ಕೆ ಅವಳು ಎಂದಿಗಿಂತ ಜೋರಾಗಿ ಅಂದಳು, ಬೆಳಿಗ್ಗೆ ಬಂದದ್ದು ಅದರಲ್ಲೇ. ಮನ್ಸೂರಅಲಿ ಎದೆಯ ಮೇಲೆ ಕೈಯಿಟ್ಟು ಸಲಾಮು ಮಾಡಿದ.

ಹದಿಮೂರನೆಯದನ್ನು ಯುವ ಘಟಕದ ಹಣಮೇಶ ಓದಿದ. ದನಿಯಲ್ಲಿ ಏರಿಳಿತ ಚೆನ್ನಾಗಿತ್ತು. ಹಳ್ಳಿಹಳ್ಳಿಯ ತಾಯಂದಿರ ಮುಖದಲ್ಲಿ ಅರಳಿದ ನಗು ಎಂಬಲ್ಲಿ ತುಸು ನಿಲ್ಲಿಸಿ, ಮುಖಗಳನ್ನು ಹುಡುಕುವವನಂತೆ ಸಭೆಯ ಕಡೆ ನೋಡಿದ. ಓದು ಮುಗಿಯಿತು. "ಅನುಮೋದಕರು, ಶ್ರೀಮತಿ ಲಾಲಮ್ಮ, ಗೋಗಿ," ಎಂದರು ಅಂಬರೀಶ.

ಅವಳು ಏಳಲಿಲ್ಲ. ಎರಡು ಕುರ್ಚಿ ಆಚೆ ಇದ್ದ ರೇಣುಕಾದೇವಿ ಎದ್ದು ಬಂದು ಇನ್ನೊಂದು ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಅವಳ ಮುಂಗೈ ಮೇಲೆ ಕೈ ಇಟ್ಟಳು. "ಅಕ್ಕಾ," ಎಂದಳು ಮೆಲ್ಲಗೆ, "ಮುಂದಿಂದು ನಮ್ಮದು."

ಲಾಲಮ್ಮ ಎದ್ದಳು. ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ದನಿ ಮೂರನೆಯ ಸಾಲಿಗೂ ಮುಟ್ಟಲಿಲ್ಲ. ಕೇಳಿಸಲಿಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರು. ಮೈಕು ತಂದು ಬಾಯಿಯ ಹತ್ತಿರ ಹಿಡಿದರು.

"ಅನುಮೋದನಿ ಮಾಡ್ತೀನ್ರಿ."

ಅಂದಿನ ದೊಡ್ಡ ಚಪ್ಪಾಳೆ ಅದಕ್ಕೇ ಬಂತು. ಮಗಳನ್ನು ಕಳೆದುಕೊಂಡ ತಾಯಿಯೇ ಖಾತೆಯನ್ನು ಅಭಿನಂದಿಸಿದ್ದು ಎಂಥ ದೊಡ್ಡ ಮನಸ್ಸು ಎಂದು ಅಂಬರೀಶ ಹೇಳಿದರು. ಪತ್ರಿಕೆಯವರು ಫೋಟೋ ತೆಗೆದರು. ಅವಳು ಕೂರದೆ ಹಾಗೇ ನಿಂತಿದ್ದಳು, ಮುಂದಿನದು ಅವಳದೇ ಆದ್ದರಿಂದ.

ಬೆರಳಿಟ್ಟುಕೊಂಡು ಓದಿದಳು. ಈಶಪ್ಪನ ಭಾಷೆ ಕಲ್ಲುಕಲ್ಲಾಗಿತ್ತು. ಹೆರಿಗೆ ಸೌಲಭ್ಯವುಳ್ಳ ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಎಂಬಲ್ಲಿ ಎರಡು ಸಲ ತಡೆದಳು, ಅರಿವಳಿಕೆ ಎಂಬಲ್ಲಿ ಮೂರು ಸಲ. ಯಾರೂ ನಗಲಿಲ್ಲ. ಬುಧವಾರವೂ ಸೇರಿದಂತೆ ಎಂಬುದನ್ನು ಮಾತ್ರ ತಡೆಯದೆ ಓದಿದಳು, ಅದು ಅವಳದೇ ಮಾತು. ಓದುವಾಗ ರೇಣುಕಾದೇವಿ ಕೂತಲ್ಲಿಂದಲೇ ಅವಳ ಎಡಗೈ ಹಿಡಿದುಕೊಂಡಿದ್ದಳು.

ಅಂಬರೀಶ ಹಾಳೆ ನೋಡಿದರು. "ಅನುಮೋದಕರು... ಲಾಲಮ್ಮ ಅಂತಲೇ ಇದೆ. ಸೂಚಕರೂ ಅವರೇ. ಹಾಗೆ ಬರೋಲ್ಲ. ಬೇರೆ ಯಾರಾದರೂ ಪ್ರತಿನಿಧಿಗಳು ಅನುಮೋದಿಸ್ತೀರಾ?"

ಲಾಲಮ್ಮ ಪಕ್ಕಕ್ಕೆ ನೋಡಿದಳು. ರೇಣುಕಾದೇವಿ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಆ ನೀರು ನಿಜವಾದದ್ದೇ. ಅವಳು ಏಳಲಿಲ್ಲ.

"ಮೇಡಂ," ಎಂದಳು ಲಾಲಮ್ಮ.

"ನನ್ನ ಹೆಸರು ನಿಗಮದ ಅಧ್ಯಕ್ಷಗಿರಿಗಿ ಹೋಗ್ಯದಕ್ಕ," ಎಂದಳು ರೇಣುಕಾದೇವಿ ತಲೆ ತಗ್ಗಿಸಿ, ಅವಳೊಬ್ಬಳಿಗೇ ಕೇಳುವ ಹಾಗೆ. "ಊಟದಾಗ ಹೇಳಿದರು. ಇವತ್ತು ಏಳಬ್ಯಾಡ ಅಂದಾರ."

ಮಜ್ಜಿಗೆಯ ಜೊತೆ ಕಿವಿಗೆ ಬಿದ್ದ ಮಾತು ಏನೆಂದು ಲಾಲಮ್ಮನಿಗೆ ಆಗ ತಿಳಿಯಿತು. ಆದರೂ ತಿರುಗಿ ನಿಂತು ಸಭೆಯನ್ನು ನೋಡಿದಳು. ಇಷ್ಟು ವರ್ಷ ವೇದಿಕೆಯ ಕಡೆ ಮುಖ ಮಾಡಿಯೇ ಎದ್ದು ಕೂತು ಮಾಡಿದವಳು. ಹಿಂದಿನ ಸಾಲುಗಳು ನಿಂತ ಕಡೆಯಿಂದ ಹೀಗೆ ಕಾಣುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ತೊಗರಿ ಬೆಲೆಯವರು, ಅತಿಥಿ ಶಿಕ್ಷಕರ ಖಾಯಮಾತಿಯವರು, ಕಾಲುವೆಯ ಕೊನೆಯಂಚಿನವರು. ಎಲ್ಲರಿಗೂ ಅವಳು ಒಂದಲ್ಲ ಒಂದು ವರ್ಷ ಎದ್ದು ನಿಂತಿದ್ದಳು. ಎಲ್ಲರೂ ಫೈಲು ಓದುತ್ತಿದ್ದರು. ಮನ್ಸೂರಅಲಿ ಅರ್ಧ ಎದ್ದ, ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ, ಅಷ್ಟಕ್ಕೇ ಎದ್ದದ್ದು ಎಂಬಂತೆ ಮತ್ತೆ ಕೂತ.

"ಇನ್ನೊಂದು ಸಲ ಕೇಳ್ತೀನಿ," ಎಂದರು ಅಂಬರೀಶ. ಅವರ ದನಿಯಲ್ಲಿ ಒರಟುತನವೇನೂ ಇರಲಿಲ್ಲ.

"ನಾ ಮಾಡ್ತೀನ್ರಿ ಅನುಮೋದನಿ."

ಭೀಮವ್ವ ಎದ್ದು ನಿಂತಿದ್ದಳು. ಸೆರಗು ತಲೆಯ ಮೇಲೆಳೆದುಕೊಂಡು, ಎರಡೂ ಕೈ ಸೊಂಟಕ್ಕೆ ಇಟ್ಟು.

"ತಾಯಿ, ನಿಮ್ಮ ಬ್ಯಾಡ್ಜ್ ಯಾವ ಬಣ್ಣ?"

ಅವಳು ಎದೆ ನೋಡಿಕೊಂಡಳು. "ಅರಿಷಿಣ ಬಣ್ಣ ಅದರಿ."

ಹಿಂದಿನ ಸಾಲುಗಳಿಗೆ ನಗಲು ಒಂದು ನೆಪ ಬೇಕಿತ್ತು, ಸಿಕ್ಕಿತು.

"ಪ್ರತಿನಿಧಿಗಳು ಮಾತ್ರ ಮಾಡಬೇಕು. ದಯವಿಟ್ಟು ಕೂತ್ಕೊಳ್ಳಿ."

"ಬ್ಯಾಡ್ಜಿನಾಗೇನದರಿ? ಆ ಹುಡುಗಿ ಹೆಣ ಗಾಡಿಯಿಂದ ಇಳಿಸಿದಾಕಿ ನಾನು. ನನಗ ಗೊತ್ತದ ಹೌದೋ ಅಲ್ಲೋ ಅಂಬೋದು. ಇವರಿಗೇನು ಗೊತ್ತದ?"

"ಕೂಡ್ರಿಸ್ರಿ ಅವರನ್ನ," ಎಂದು ವೇದಿಕೆಯಿಂದ ಯಾರೋ ಅಂದರು. ಸ್ವಯಂಸೇವಕರು ಬಂದರು. ಅವರು ಮುಟ್ಟುವ ಮೊದಲೇ ಲಾಲಮ್ಮ ಭೀಮವ್ವನ ಹೆಗಲು ಹಿಡಿದು ಕೂರಿಸಿದಳು.

"ಸಾಕು ಬಿಡವ್ವ," ಅಂದಳು. "ನೀ ಎದ್ದದ್ದು ಕಂಡೀನಿ."

ವೇದಿಕೆಯ ಮೂಲೆಯಲ್ಲಿ ಈಶಪ್ಪ ನಡಾವಳಿಯ ಪುಸ್ತಕದ ಮುಂದೆ ಪೆನ್ನು ಹಿಡಿದು ಕೂತಿದ್ದ. ಅಂಬರೀಶ ಅವನ ಕಡೆ ತಿರುಗಿ ತಲೆಯಾಡಿಸಿದರು. ಅವನು ಲಾಲಮ್ಮನನ್ನು ನೋಡಿದ, ಬರೆಯಲಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಆ ಮನುಷ್ಯ ಎಲ್ಲರಿಗೂ ಕಾಣುವ ಹಾಗೆ ಪೆನ್ನನ್ನು ಮೇಜಿನ ಮೇಲಿಟ್ಟ.

"ಬರಕೋ ತಮ್ಮಾ," ಎಂದಳು ಲಾಲಮ್ಮ. "ತಡಾ ಆಗತದ. ಇನ್ನ ಏಳು ಅವ."

ಅವನು ಬರೆದ. ಅನುಮೋದಕರಿಲ್ಲದ ಕಾರಣ ಹದಿನಾಲ್ಕನೆಯ ನಿರ್ಣಯ ಬಿದ್ದುಹೋಯಿತು.